ಹನುಮಂತ ಮರದ ಮೇಲೆ ಕೂತು ಯೋಚಿಸಿದ್ದು

ಸಮುದ್ರ ಹಾರಿದ್ದಾಯಿತು, ಲಂಕೆಯನ್ನೆಲ್ಲ ಜಾಲಾಡಿದ್ದಾಯಿತು, ಅಶೋಕವನದಲ್ಲಿ ಸೀತೆ ಕಣ್ಣಿಗೆ ಬಿದ್ದದ್ದೂ ಆಯಿತು. ಇನ್ನು ಮಾತಾಡಿಸುವುದೊಂದೇ ಬಾಕಿ. ಹನುಮಂತ ತಡೆಯುವುದು ಅಲ್ಲಿ. ಶಿಂಶಪಾ ಮರದ ಎಲೆಗಳ ಮರೆಯಲ್ಲಿ ಕೂತು ಲೆಕ್ಕ ಹಾಕುತ್ತಾನೆ: ದ್ವಿಜರಂತೆ ಸಂಸ್ಕೃತದಲ್ಲಿ ಮಾತಾಡಿದರೆ ಈಕೆ ನನ್ನನ್ನು ರಾವಣನೆಂದೇ ತಿಳಿದು ಹೆದರುತ್ತಾಳೆ. ಹೆದರಿ ಕೂಗಿದರೆ ಕಾವಲಿನ ರಾಕ್ಷಸಿಯರು ಏಳುತ್ತಾರೆ, ಹೊಡೆದಾಟವಾಗುತ್ತದೆ, ಬಂದ ಕೆಲಸ ಕೆಡುತ್ತದೆ. ಆದ್ದರಿಂದ ಸಾಮಾನ್ಯ ಮನುಷ್ಯರು ಆಡುವ ಮಾತೇ ಸರಿ. ಅದನ್ನೂ ಎದುರಿಗೆ ಹೋಗಿ ಆಡುವುದಿಲ್ಲ. ಕೊಂಬೆಯ ಮೇಲಿಂದಲೇ, ದಶರಥನೆಂಬ ರಾಜನಿದ್ದ ಎಂದು ಕಥೆ ಶುರು ಮಾಡುತ್ತಾನೆ, ಅವಳ ಕಿವಿಗೆ ಬೀಳುವಷ್ಟು ಮೆಲ್ಲಗೆ.

ವಾಲ್ಮೀಕಿ ಸುಂದರಕಾಂಡದಲ್ಲಿ ಈ ಯೋಚನೆಗೆಂದೇ ಒಂದು ಸರ್ಗ ಕೊಟ್ಟಿದ್ದಾರೆ. ಕಥೆ ಬರೆಯುವ ಹುಡುಗ ಹುಡುಗಿಯರಿಗೆ ನಾನು ಮೊದಲು ಓದಿ ಎನ್ನುವುದು ಅದನ್ನೇ. ಭಾಷೆ ಬರುವುದಿಲ್ಲ ಎಂಬುದು ಹನುಮಂತನ ತೊಡಕಲ್ಲ. ಚೆನ್ನಾಗಿ ಬರುತ್ತದೆ, ತೊಡಕೇ ಅದು. ಯಾವ ನುಡಿಗೆ ಯಾರ ವಾಸನೆ ಅಂಟಿಕೊಂಡಿದೆ, ಕೇಳುವವಳು ಅದರಿಂದ ಏನನ್ನು ಊಹಿಸುತ್ತಾಳೆ ಎಂದು ತೂಗಿ ನೋಡಿದ ಮೇಲೆಯೇ ಅವನು ಬಾಯಿ ತೆರೆದದ್ದು.

ಈಗ ಫ್ಯಾನ್ ಫಿಕ್ಷನ್ ಬರೆಯುವ ಕಾಲ. ಇನ್ನೊಬ್ಬರು ಹುಟ್ಟಿಸಿದ ಪಾತ್ರಗಳನ್ನು ಅಭಿಮಾನದಿಂದ ಎರವಲು ತಂದು ತಮ್ಮ ಕಥೆ ಹೂಡುವ ಕಲೆ ಇದು. ಕಾಲೇಜಿಗೆ ಹೋಗುವ ಮಕ್ಕಳು ಮೊಬೈಲಿನಲ್ಲೇ ಕಂತು ಕಂತಾಗಿ ಬರೆಯುತ್ತಾರೆ. ಬಾಹುಬಲಿಯ ಕಾಲಕೇಯರು ಬರುತ್ತಾರೆ, ಮಾಂತ್ರಿಕ ಶಾಲೆಯ ಹುಡುಗರು ಬರುತ್ತಾರೆ, ಕೊರಿಯಾದ ಹಾಡುಗಾರರು ಬರುತ್ತಾರೆ. ಬಂದವರು ಒಬ್ಬರನ್ನೊಬ್ಬರು ಭೇಟಿಯಾಗುತ್ತಾರೆ. ಆಗ ಬರೆಯುವವರಿಗೆ ಮೊದಲು ಅಡ್ಡ ಬರುವುದು ಭಾಷೆ. ಕೊರಿಯಾದ ಸೋಲ್ ನಗರದ ಹುಡುಗ ನಮ್ಮ ವಿಜಯಪುರದ ಕಡೆಯ ತಿಕೋಟಾದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಎಂದುಕೊಳ್ಳಿ. ಇಳಿದ ಸರಿ, ಮಾತಾಡುವುದು ಹೇಗೆ?

ಇದನ್ನು ಹೊಸ ಪೀಳಿಗೆಯ ಹುಚ್ಚು ಎಂದು ಮೂಗು ಮುರಿಯುವವರು ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾದ ಕಡೆ ಹೋಗುವಾಗ ತೊರವಿಯಲ್ಲಿ ಒಮ್ಮೆ ಇಳಿಯಬೇಕು. ಈಗ ಅಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯವಿದೆ. ಅದಕ್ಕಿಂತ ಎಷ್ಟೋ ಹಿಂದೆ, ಅಲ್ಲಿಯ ನರಸಿಂಹನನ್ನು ನಂಬಿದ ಕವಿಯೊಬ್ಬ ವಾಲ್ಮೀಕಿಯ ಪಾತ್ರಗಳನ್ನು ಎರವಲು ತಂದು, ಭಾಮಿನಿ ಷಟ್ಪದಿಯಲ್ಲಿ ಕೂಡಿಸಿ, ಕುಮಾರ ವಾಲ್ಮೀಕಿ ಎಂದು ಹೆಸರಿಟ್ಟುಕೊಂಡ. ಅದೇ ತೊರವೆ ರಾಮಾಯಣ. ಮೂಲ ಲೇಖಕನ ಮಗನೆಂದು ತನ್ನನ್ನು ಕರೆದುಕೊಳ್ಳುವುದಕ್ಕಿಂತ ದೊಡ್ಡ ಅಭಿಮಾನ ಇನ್ನೇನಿದೆ? ಆ ಕಾವ್ಯದಲ್ಲಿ ಅಯೋಧ್ಯೆಯವರು, ಕಿಷ್ಕಿಂಧೆಯವರು, ಲಂಕೆಯವರು ಎಲ್ಲರೂ ಕನ್ನಡ ಆಡುತ್ತಾರೆ. ಇವರಿಗೆಲ್ಲ ಕನ್ನಡ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ.

ಮೊಹರಂ ಬಂದಾಗ ನಮ್ಮ ಕಡೆಯ ಹಳ್ಳಿಗಳಲ್ಲಿ ಇದಕ್ಕಿಂತ ದಿಟ್ಟ ಕೆಲಸ ನಡೆಯುತ್ತದೆ. ಅಲಾಯಿ ಕುಣಿ ತೋಡಿ, ಪಂಜಾ ಕೂಡಿಸಿ, ಹೆಜ್ಜೆ ಮೇಳದವರು ರಿವಾಯತ್ ಪದ ಹಾಡುತ್ತಾರೆ. ಈ ಪದಗಳು ಹೇಳುವ ಕರ್ಬಲಾದ ಯುದ್ಧ ನಡೆದದ್ದು ಕ್ರಿ.ಶ. 680ರಲ್ಲಿ, ಯೂಫ್ರೆಟಿಸ್ ನದಿಯ ಬಳಿ, ಅರಬರ ನಡುವೆ. ಪದಗಳಲ್ಲಿ ಆ ಪಾತ್ರಗಳು ಆಡುವುದು ಮಾತ್ರ ನಮ್ಮ ಹೊಲಮನೆಯ ಕನ್ನಡ. ನೀರಿಗಾಗಿ ಬಾಯಾರಿದ ಕೂಸು, ರಣಕ್ಕೆ ಹೊರಟ ಮಗ, ಅಳುವ ತಾಯಿ ಎಲ್ಲರೂ ಇಲ್ಲಿಯವರಂತೆಯೇ ಕರೆಯುತ್ತಾರೆ, ಇಲ್ಲಿಯವರಂತೆಯೇ ಹಲುಬುತ್ತಾರೆ. ಹಾಡುವವರಲ್ಲಿ ಮುಸಲ್ಮಾನರಿದ್ದಾರೆ, ಲಿಂಗಾಯತರಿದ್ದಾರೆ, ಕುರುಬರಿದ್ದಾರೆ. ಅರಬಿ ಗೊತ್ತಿಲ್ಲವೆಂದು ಯಾರೂ ಸಂಕೋಚಪಡುವುದಿಲ್ಲ. ಪಾತ್ರಗಳಿಗೆ ಒಂದಷ್ಟು ಅರಬಿ ಪದ ಸೇರಿಸಿ ನಿಜವೆನಿಸೋಣ ಎಂಬ ಚಪಲವೂ ಕಾಣುವುದಿಲ್ಲ.

ಹಾಗಾದರೆ ಎಲ್ಲರ ಬಾಯಿಗೂ ಕನ್ನಡ ಹಾಕಿ ಮುಂದೆ ಹೋದರಾಯಿತೆ? ಆಗುತ್ತದೆ, ಒಂದು ಷರತ್ತಿನ ಮೇಲೆ. ಕೊನೆಯವರೆಗೂ ಹಾಗೆಯೇ ಇರಬೇಕು. ರಿವಾಯತ್ ಹಾಡುವವನು ನಡುವೆ ನಿಂತು, ಈ ಮಾತು ವೈರಿ ಯಜೀದನ ಸೈನಿಕನಿಗೆ ತಿಳಿಯಲಿಲ್ಲ ಎನ್ನುವುದಿಲ್ಲ. ಇಂದಿನ ಕಥೆಗಳು ಎಡವುವುದು ಇಲ್ಲಿಯೇ. ಮೂರು ಕಂತುಗಳವರೆಗೆ ಕೊರಿಯಾದವನೂ ತಿಕೋಟಾದವಳೂ ಸರಾಗವಾಗಿ ಹರಟುತ್ತಾರೆ. ನಾಲ್ಕನೆಯದರಲ್ಲಿ ಕಥೆಗೆ ಒಂದು ಜಗಳ ಬೇಕಾಗುತ್ತದೆ, ಆಗ ಏಕಾಏಕಿ ಅವನ ಮಾತು ಅವಳಿಗೆ ಅರ್ಥವಾಗದೆ ಹೋಗುತ್ತದೆ. ಭಾಷೆಯ ಗೋಡೆ ಇರಲಿ, ಇಲ್ಲದಿರಲಿ. ಬೇಕಾದಾಗ ಎಬ್ಬಿಸಿ ಬೇಡವಾದಾಗ ಕೆಡವಿದರೆ ಓದುವವನು ಪುಸ್ತಕ ಮಡಚುತ್ತಾನೆ.

ಗೋಡೆ ಇರಲಿ ಎಂದು ಒಮ್ಮೆ ತೀರ್ಮಾನಿಸಿದರೆ ಮಾತ್ರ ಅದರ ಹಿಂದೆ ದೊಡ್ಡ ಖಜಾನೆಯೇ ಇದೆ. ಮಹಾಭಾರತ ನೋಡಿ. ಪಾಂಡವರು ವಾರಣಾವತಕ್ಕೆ ಹೊರಟಾಗ ಬೀಳ್ಕೊಡಲು ಬಂದ ವಿದುರ ಧರ್ಮರಾಜನಿಗೆ ಜನರ ನಡುವೆಯೇ ಏನೋ ಹೇಳುತ್ತಾನೆ. ಬೆಂಕಿ, ಬಿಲ ತೋಡುವ ಪ್ರಾಣಿ, ದಿಕ್ಕು ತಿಳಿಯುವ ಬಗೆ ಎಂದೆಲ್ಲ ಒಗಟಿನಂಥ ಮಾತು. ಧರ್ಮರಾಜ ತಿಳಿಯಿತು ಎನ್ನುತ್ತಾನೆ. ಪಕ್ಕದಲ್ಲೇ ಇದ್ದ ಕುಂತಿಗೆ ಏನೂ ತಿಳಿಯುವುದಿಲ್ಲ. ಜನ ಹಿಂದಿರುಗಿದ ಮೇಲೆ ಅವಳು ಮಗನನ್ನು ಕೇಳುತ್ತಾಳೆ: ವಿದುರ ಏನೋ ಅಂದ, ನೀನು ಹೂಂ ಅಂದೆ, ಏನದು? ಮುಂದೆ ಅರಗಿನ ಮನೆಯಿಂದ ಪಾರಾಗಲು ಸುರಂಗ ತೋಡಿಕೊಡಲು ಬಂದವನು ತಾನು ವಿದುರನ ಕಡೆಯವನೆಂದು ನಂಬಿಸಲು ಹೇಳುವ ಗುರುತು ಯಾವುದು ಗೊತ್ತೆ? ಅಂದು ವಿದುರ ನಿನ್ನೊಡನೆ ಮ್ಲೇಚ್ಛ ಭಾಷೆಯಲ್ಲಿ ಮಾತಾಡಿದ್ದ ಎಂಬುದೇ. ಒಂದು ಅಪರಿಚಿತ ಭಾಷೆ ಅಲ್ಲಿ ಗುಟ್ಟು ಕಾಯಿತು, ತಾಯಿಯನ್ನು ಹೊರಗಿಟ್ಟಿತು, ಕೊನೆಗೆ ಗುರುತಿನ ಚೀಟಿಯೂ ಆಯಿತು. ಇಷ್ಟಾದರೂ ಆ ನುಡಿಯ ಮಾದರಿ ಎಂದು ನಾಲ್ಕು ವಿಚಿತ್ರ ಪದಗಳನ್ನು ಕಥೆಗಾರ ಎಲ್ಲೂ ಉದುರಿಸಲಿಲ್ಲ. ಕುಂತಿಯ ಪ್ರಶ್ನೆಯೊಂದೇ ಸಾಕಾಯಿತು.

ಪರಭಾಷೆ ಬಂತೆಂದು ತೋರಿಸಲು ಆ ಭಾಷೆಯ ಪದಗಳನ್ನು ಉದುರಿಸಬೇಕು ಎಂದು ನಮ್ಮ ಹೊಸಬರು ನಂಬಿದ್ದಾರೆ. ಕೊರಿಯಾದ ಪಾತ್ರ ನಮಸ್ಕಾರ, ಧನ್ಯವಾದ, ಅಣ್ಣ ಎಂಬಷ್ಟನ್ನು ತನ್ನ ನುಡಿಯಲ್ಲಿ ಹೇಳುತ್ತದೆ. ಮುಂದಿನ ಸಾಲಿನಲ್ಲೇ ತನ್ನ ಬಾಲ್ಯದ ಸಂಕಟವನ್ನು ಅಚ್ಚ ಕನ್ನಡದಲ್ಲಿ ಒಂದು ಪುಟ ತೋಡಿಕೊಳ್ಳುತ್ತದೆ. ಲೋಕದಲ್ಲಿ ನಡೆಯುವುದು ಇದರ ತಿರುಗುಮುರುಗು. ಹೊಸ ಊರಿಗೆ ಬಂದವನು ಮೊದಲು ಕಲಿಯುವುದೇ ನಮಸ್ಕಾರ, ಧನ್ಯವಾದ, ಎಷ್ಟು, ಸಾಕು. ಅಷ್ಟನ್ನು ಊರಿನ ಭಾಷೆಯಲ್ಲಿ ಹೇಳುತ್ತಾನೆ. ಸಿಟ್ಟು ಬಂದಾಗ, ನೋವಾದಾಗ, ದುಡ್ಡು ಎಣಿಸುವಾಗ, ದೇವರನ್ನು ನೆನೆಯುವಾಗ ತನ್ನ ಭಾಷೆಗೆ ಮರಳುತ್ತಾನೆ. ವಿಜಯಪುರದ ಬಜಾರಿನಲ್ಲಿ ಮೂವತ್ತು ವರ್ಷ ಕನ್ನಡದಲ್ಲೇ ವ್ಯಾಪಾರ ಮಾಡಿದ ಮಾರವಾಡಿ ಶೇಟಜಿಯ ತುಟಿಯೂ ನೋಟು ಎಣಿಸುವಾಗ ಅಲುಗುವುದು ಬೇರೆ ಭಾಷೆಯಲ್ಲಿ. ಇದನ್ನು ಗಮನಿಸಿದವರು ಒಂದೂ ಪರಕೀಯ ಪದ ಬರೆಯದೆ, ಅವನು ತನ್ನ ಭಾಷೆಯಲ್ಲಿ ಎಣಿಸತೊಡಗಿದ ಎಂದಷ್ಟೇ ಬರೆದು ಮನುಷ್ಯನನ್ನು ನಿಲ್ಲಿಸಬಲ್ಲರು.

ಅರ್ಥವಾಗುವುದು ಬೇರೆ, ಆಡಲು ಬರುವುದು ಬೇರೆ. ಬರೆಯುವವರು ಇವೆರಡನ್ನೂ ಒಂದೇ ಡಬ್ಬಿಗೆ ಹಾಕಿಬಿಡುತ್ತಾರೆ. ಇದಕ್ಕೆ ತೊರವಿಯಲ್ಲೇ ಉದಾಹರಣೆಯಿದೆ, ಅದೂ ರಾಜನದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ 1599ರಲ್ಲಿ ಅಲ್ಲಿ ನವರಸಪುರವೆಂಬ ಪಟ್ಟಣ ಕಟ್ಟಿಸಲು ತೊಡಗಿದ. ಸಂಗೀತ ಮಹಲಿನ ಹಾಳು ಗೋಡೆಗಳು ಇನ್ನೂ ನಿಂತಿವೆ. ಸರಸ್ವತಿ, ಗಣಪತಿ, ಗುಲಬರ್ಗದ ಗೇಸುದರಾಜರು ಎಲ್ಲರ ಮೇಲೂ ಅವನು ದಖನಿಯಲ್ಲಿ ಹಾಡು ಕಟ್ಟಿದ, ಅದೇ ಕಿತಾಬ್-ಎ-ನೌರಸ್. ತನ್ನ ಆನೆಯ ಮೇಲೂ ಹಾಡು, ತಂಬೂರಿಯ ಮೇಲೂ ಹಾಡು. ಆ ಪುಸ್ತಕಕ್ಕೆ ಮುನ್ನುಡಿ ಬರೆದ ಜುಹೂರಿ ಬರೆದದ್ದು ಪಾರಸಿಯಲ್ಲಿ. ಹಾಡು ಒಂದು ಭಾಷೆಯದು, ಅದನ್ನು ಲೋಕಕ್ಕೆ ಪರಿಚಯಿಸುವ ಮಾತು ಇನ್ನೊಂದರದು. ಅಕ್ಬರನ ರಾಯಭಾರಿಯಾಗಿ ವಿಜಯಪುರಕ್ಕೆ ಬಂದ ಅಸದ್ ಬೇಗ್ ಈ ಸುಲ್ತಾನನನ್ನು ಕಂಡು ಬರೆದಿಟ್ಟಿದ್ದಾನೆ: ಪಾರಸಿ ತಿಳಿಯುತ್ತದೆ, ಆಡಲು ಹೋದರೆ ತಡವರಿಸುತ್ತದೆ; ಮರಾಠಿಯಾದರೆ ನೀರು ಹರಿದಂತೆ.

ಇದು ಕಥೆಗಾರನಿಗೆ ಸಿಕ್ಕ ಹೊನ್ನು. ಮೊಗಲ್ ರಾಯಭಾರಿ ಪಾರಸಿಯಲ್ಲಿ ಮಾತಾಡುತ್ತಿದ್ದಾನೆ. ಸುಲ್ತಾನನಿಗೆ ಎಲ್ಲವೂ ತಿಳಿಯುತ್ತಿದೆ. ಆದರೂ ದುಭಾಷಿಯ ಬಾಯಿಂದ ಕೇಳಿಸಿಕೊಂಡು, ಉತ್ತರವನ್ನು ಬೇಕೆಂದೇ ಮರಾಠಿಯಲ್ಲಿ ಹೇಳಿ ತನ್ನವರಿಂದ ಪಾರಸಿಗೆ ಮಾಡಿಸುತ್ತಾನೆ ಎಂದು ಕಲ್ಪಿಸಿಕೊಳ್ಳಿ. ಪ್ರಶ್ನೆ ಅವನಿಗೆ ಒಮ್ಮೆ ನೇರವಾಗಿ ತಲುಪುತ್ತದೆ, ದುಭಾಷಿ ಅದನ್ನು ಹೇಳುವಾಗ ಇನ್ನೊಮ್ಮೆ ತಲುಪುತ್ತದೆ. ನಡುವೆ ಯೋಚಿಸಲು ಸಮಯ ಸಿಗುತ್ತದೆ. ರಾಯಭಾರಿಗೆ ಆ ಸಮಯ ಇಲ್ಲ. ಆ ದರಬಾರಿನಲ್ಲಿ ಮೇಲುಗೈ ಯಾರದು? ತಡವರಿಸುವವನೇ ಬಲಿಷ್ಠ ಎಂಬ ಇಂಥ ಸನ್ನಿವೇಶ ನಮ್ಮ ಸಿನಿಮಾದಲ್ಲಿ ಕಾಣುವುದೇ ಇಲ್ಲ. ಅಲ್ಲಿ ತೊದಲು ಕನ್ನಡ ಆಡುವವನು ಮಾರವಾಡಿಯಾಗಲಿ, ತಮಿಳನಾಗಲಿ, ಗೂರ್ಖಾನಾಗಲಿ, ನಗೆಪಾಟಲಿಗೇ ಮೀಸಲು. ಫ್ಯಾನ್ ಫಿಕ್ಷನ್ ಬರೆಯುವವರು ಆ ಚಾಳಿಯನ್ನು ಅಲ್ಲಿಂದಲೇ ಕಲಿತಿದ್ದಾರೆ. ಕನ್ನಡದಲ್ಲಿ ಲಿಂಗವಚನ ತಪ್ಪುವ ಮನುಷ್ಯ ತನ್ನ ಮನೆಯಲ್ಲಿ, ತನ್ನ ನುಡಿಯಲ್ಲಿ ಊರನ್ನೇ ನಗಿಸುವ ಮಾತುಗಾರನಾಗಿರಬಹುದು. ಅವನ ಮನಸ್ಸಿನೊಳಗೆ ಹೊಕ್ಕು ಬರೆಯುವಾಗಲೂ ತೊದಲು ಕನ್ನಡದಲ್ಲೇ ಬರೆದರೆ ಅದು ಅನ್ಯಾಯ. ಒಳಗೆ ಅವನ ಮಾತು ಪೂರ್ತಿ ಬೆಳೆದದ್ದು, ಹೊರಗೆ ಮಾತ್ರ ಅರ್ಧ.

ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರಿಗೆ ಇದೆಲ್ಲ ಹೊಸದಲ್ಲ. ತಿಕೋಟಾದಿಂದ ಪಶ್ಚಿಮಕ್ಕೆ ಸ್ವಲ್ಪ ಹೋದರೆ ಮಹಾರಾಷ್ಟ್ರದ ಜತ್ತ ತಾಲೂಕು, ಅಲ್ಲಿಯೂ ಕನ್ನಡದ ಹಳ್ಳಿಗಳು. ಬೇಸಿಗೆಯಲ್ಲಿ ಶೆಡ್ಡಿನ ಜಾಳಿಗೆಯ ಮೇಲೆ ಒಣಗಿಸಿದ ಮನೂಕ ಸಾಂಗಲಿ, ತಾಸಗಾವದ ಮಾರುಕಟ್ಟೆಗೂ ಹೋಗುತ್ತದೆ. ಅಲ್ಲಿ ಮಾತು ಮರಾಠಿಯದು. ಇಂಥ ಒಂದು ದೃಶ್ಯ ಬರೆಯಿರಿ: ನಮ್ಮ ರೈತನಿಗೆ ಮರಾಠಿ ಚೆನ್ನಾಗಿ ತಿಳಿಯುತ್ತದೆ, ಆದರೂ ಅದನ್ನು ತೋರಗೊಡದೆ ಕನ್ನಡದಲ್ಲೇ ಮಾತಾಡುತ್ತ ನಿಂತಿದ್ದಾನೆ. ಎದುರಿನ ಇಬ್ಬರು ವ್ಯಾಪಾರಿಗಳು, ಇವನಿಗೇನು ತಿಳಿಯುತ್ತದೆ ಎಂದುಕೊಂಡು, ದರದಲ್ಲಿ ಎಷ್ಟರವರೆಗೆ ಏರಬಹುದು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ರೈತ ಮೀಸೆ ತಿರುವುತ್ತ, "ಇಲ್ರೀ ಸಾಹುಕಾರ್ರ, ಈ ದರಕ್ಕ ನನಗ ಪರವಡಂಗಿಲ್ಲ" ಎನ್ನುತ್ತಾನೆ. ಓದುಗ ಯಾರ ಕಿವಿಯಲ್ಲಿ ಕೂತಿದ್ದಾನೆ ಎಂಬುದರ ಮೇಲೆ ಈ ದೃಶ್ಯ ನಿಂತಿದೆ. ರೈತನ ಕಿವಿಯಲ್ಲಿ ಕೂತರೆ ವ್ಯಾಪಾರಿಗಳ ಮರಾಠಿಯನ್ನು ಸಲೀಸಾದ ಕನ್ನಡದಲ್ಲಿ ಬರೆಯಬೇಕು, ಏಕೆಂದರೆ ಅವನಿಗೆ ಅದು ಹಾಗೆಯೇ ಕೇಳಿಸುತ್ತದೆ. ವ್ಯಾಪಾರಿಯ ಕಿವಿಯಲ್ಲಿ ಕೂತರೆ ರೈತನ ಮಾತು ಬರೀ ಸದ್ದು, ಗುಟ್ಟು ಬಯಲಾಗುವುದು ಸೌದಾ ಮುಗಿದ ಮೇಲೆ. ಎರಡೂ ಒಳ್ಳೆಯ ಕಥೆಗಳೇ. ಒಂದೇ ಪುಟದಲ್ಲಿ ಎರಡೂ ಕಿವಿಗಳಲ್ಲಿ ಕೂರಲು ಹೋದರೆ ಎರಡೂ ಕೆಡುತ್ತವೆ.

ಇತಿಹಾಸದಲ್ಲೂ ಇಂಥ ದೃಶ್ಯಗಳಿವೆ. ವಿಜಯನಗರಕ್ಕೂ ಸುಲ್ತಾನರಿಗೂ ನಡೆದ, ಕೃಷ್ಣೆಯ ದಡದ ರಕ್ಕಸಗಿ ತಂಗಡಗಿಯ ಯುದ್ಧದ ಮೇಲೆ ಎಷ್ಟು ಬರೆದಿಲ್ಲ! ಗಿರೀಶ ಕಾರ್ನಾಡರ ನಾಟಕ ರಾಕ್ಷಸ ತಂಗಡಿ 2018ರಲ್ಲಿ ಬಂತು. 1565ರ ಆ ಯುದ್ಧಕ್ಕೆ ಮೊದಲು ನಡೆದದ್ದೆಂದು ಇತಿಹಾಸಕಾರ ಫೆರಿಷ್ತಾ ಬರೆದಿಟ್ಟ ಒಂದು ಪ್ರಸಂಗ ನನ್ನನ್ನು ಬಹಳ ಕಾಡುತ್ತದೆ. ಅಳಿಯ ರಾಮರಾಯನ ಮಗ ತೀರಿಕೊಂಡಾಗ ವಿಜಯಪುರದ ತರುಣ ಸುಲ್ತಾನ ಅಲಿ ಆದಿಲ್‌ಶಾಹಿ ಸಂತಾಪ ಹೇಳಲು ವಿಜಯನಗರಕ್ಕೇ ಹೋದ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಕರೆದದ್ದು ಯಾವ ಮಾತಿನಲ್ಲಿ? ತೆಲುಗೋ ಕನ್ನಡವೋ ದಖನಿಯೋ, ಅಥವಾ ನಡುವೆ ಯಾರಾದರೂ ನಿಂತು ಹೇಳಬೇಕಾಯಿತೋ? ಮಗ ಎಂಬ ಮಾತನ್ನು ಇನ್ನೊಬ್ಬನ ಬಾಯಿಂದ ಕೇಳುವುದು ಬೇರೆ. ರಾಮರಾಯ ಯೌವನದಲ್ಲಿ ಗೋಲ್ಕೊಂಡದ ಸುಲ್ತಾನನ ಚಾಕರಿಯಲ್ಲಿದ್ದನೆಂಬ ಹಳೆಯ ಬರಹವೂ ಇದೆ. ಹಾಗಿದ್ದರೆ ಅತಿಥಿಗಳು ತಮ್ಮತಮ್ಮಲ್ಲಿ ದಖನಿಯಲ್ಲಿ ಪಿಸುಗುಟ್ಟಿದ್ದೆಲ್ಲ ಅವನಿಗೆ ತಿಳಿಯುತ್ತಿರಲಿಲ್ಲವೇ? ಇತಿಹಾಸಕಾರರು ಸುಮ್ಮನಾಗುವ ಈ ಜಾಗದಲ್ಲೇ ಕಥೆಗಾರ ಚಾಪೆ ಹಾಸಬೇಕು.

ದುಭಾಷಿಯ ವಿಷಯ ಬಂತು. ಕಥೆಗಳಲ್ಲಿ ದುಭಾಷಿಯನ್ನು ನಲ್ಲಿಯಂತೆ ಬಳಸುತ್ತಾರೆ: ಒಂದು ಕಡೆ ತುಂಬಿದ್ದು ಇನ್ನೊಂದು ಕಡೆ ಹಾಗೇ ಸುರಿಯುತ್ತದೆ. ಮನುಷ್ಯ ಹಾಗಿರುವುದಿಲ್ಲ. ತಿಕೋಟಾದ ಅಜ್ಜಿ ಕೊರಿಯಾದ ಹುಡುಗನನ್ನು ನೋಡಿ, "ಯಾ ಊರಾಂವೋ ಯಪ್ಪಾ ನೀ? ಲಗ್ನ ಆಗೇತೇನ? ಹೊಲ ಎಷ್ಟ ಐತಿ?" ಎಂದು ಕೇಳಿದರೆ, ಇಂಗ್ಲಿಷ್ ಮೀಡಿಯಂ ಮೊಮ್ಮಗಳು ಮೊದಲನೆಯದನ್ನಷ್ಟೇ ಇಂಗ್ಲಿಷಿಗೆ ಮಾಡಿ ಉಳಿದೆರಡನ್ನು ನುಂಗುತ್ತಾಳೆ. ಅವನು ಅಷ್ಟುದ್ದದ ಪ್ರಶ್ನೆಗೆ ಇಷ್ಟು ಸಣ್ಣ ಅನುವಾದವೇ ಎಂದು ಅನುಮಾನಿಸುತ್ತಾನೆ. ಮೊಮ್ಮಗಳು ನುಂಗಿದ್ದರಲ್ಲಿ ಅವಳ ನಾಚಿಕೆ ಇದೆ, ಆಸೆಯೂ ಇರಬಹುದು. ಇಂಥ ಕಡೆ, ಪ್ರೀತಿಗೆ ಭಾಷೆ ಬೇಕಿಲ್ಲ ಎಂದು ಬರೆದು ಅಜ್ಜಿಯ ಕೈಯಿಂದ ರೊಟ್ಟಿ ಕೊಡಿಸಿ ಕಂತು ಮುಗಿಸುವವರನ್ನು ಕಂಡರೆ ನನಗೆ ಸಿಟ್ಟು. ರೊಟ್ಟಿ ಕೊಡುವುದಕ್ಕೆ ಭಾಷೆ ಬೇಡ, ನಿಜ. ಹೊಟ್ಟೆನೋವು ಯಾವ ಬದಿಗೆ, ಯಾವಾಗಿನಿಂದ ಎಂದು ಡಾಕ್ಟರಿಗೆ ಹೇಳಲು ಬೇಕು. ನಿನ್ನನ್ನು ಮದುವೆಯಾಗಲಾರೆ ಎಂದು ಹೇಳಲು ಇನ್ನೂ ಹೆಚ್ಚು ಬೇಕು.

ಇನ್ನು ಕೆಲವರು ಯಂತ್ರದ ಮೊರೆ ಹೋಗುತ್ತಾರೆ. ಪಾತ್ರಗಳ ಕೈಗೆ ಅನುವಾದ ಮಾಡುವ ಮೊಬೈಲ್ ಕೊಟ್ಟರೆ ಮುಗಿಯಿತು. ಈ ಉಪಾಯ ಹಳೆಯದು. ಇಂದಿನ ಫ್ಯಾನ್ ಫಿಕ್ಷನ್ ಹೆಮ್ಮರವಾಗಿ ಬೆಳೆದದ್ದು ಅಮೆರಿಕದ ಸ್ಟಾರ್ ಟ್ರೆಕ್ ಧಾರಾವಾಹಿಯ ಅಭಿಮಾನಿಗಳ ನಡುವೆ. ಆ ಧಾರಾವಾಹಿ ಶುರುವಾದದ್ದು 1966ರಲ್ಲಿ, ಮರುವರ್ಷವೇ ಅಭಿಮಾನಿಗಳು ತಾವೇ ಪತ್ರಿಕೆ ಅಚ್ಚುಹಾಕಿ ಹಂಚತೊಡಗಿದ್ದರು. ಗ್ರಹಕ್ಕೊಂದು ಭಾಷೆಯಾದರೆ ಕಥೆ ನಡೆಯುವುದು ಹೇಗೆಂದು ಅಲ್ಲಿ ಎಲ್ಲ ನುಡಿಗಳನ್ನೂ ತಿಳಿಸುವ ಯಂತ್ರವೊಂದನ್ನು ಇಟ್ಟುಕೊಂಡಿದ್ದರು. ಸ್ವಾರಸ್ಯವೆಂದರೆ, ಅದೇ ಬಳಗದ ಮುಂದಿನ ಧಾರಾವಾಹಿಯಲ್ಲಿ 1991ರಲ್ಲಿ ಬಂದ ಡಾರ್ಮೋಕ್ ಎಂಬ ಕಂತಿನಲ್ಲಿ ಆ ಯಂತ್ರ ಸೋಲುತ್ತದೆ. ಪದಗಳೆಲ್ಲ ತಿಳಿಯುತ್ತವೆ, ಮಾತು ತಿಳಿಯುವುದಿಲ್ಲ. ಎದುರಿನ ಜನ ಪ್ರತಿಯೊಂದನ್ನೂ ತಮ್ಮ ಪುರಾಣದ ಹೆಸರು, ಘಟನೆ ಹೇಳಿಯೇ ತಿಳಿಸುವವರು. ಆ ಕಥೆಗಳು ಗೊತ್ತಿಲ್ಲದವನಿಗೆ ಅದು ಬರೀ ಹೆಸರುಗಳ ಸಾಲು. ನಾವೂ ಹಾಗಲ್ಲವೇ? ಬಬಲೇಶ್ವರದ ಕಟ್ಟೆಯ ಮೇಲೆ ಯಾರಾದರೂ, "ಅಂವಾ ಬಿಡೋ, ಶಕುನಿ. ತಮ್ಮ ನೋಡಿದ್ರ ಕುಂಭಕರ್ಣ, ಮನ್ಯಾಗ ದಿನಾ ಕುರುಕ್ಷೇತ್ರ" ಎಂದರೆ ಯಾವ ಮೊಬೈಲು ಅದನ್ನು ಸೋಲ್ ನಗರದವನಿಗೆ ಮುಟ್ಟಿಸೀತು?

ಕೊನೆಗೆ ಒಂದು ತಕರಾರು, ಇದು ನಮ್ಮ ಜಿಲ್ಲೆಯ ಬರೆಯುವ ಮಕ್ಕಳ ಮೇಲೆಯೇ. ಕೊರಿಯಾದವನ ಮಾತು ಸರಿಯಾಗಿರಬೇಕೆಂದು ಎಷ್ಟೋ ಸಂಚಿಕೆ ನೋಡಿ, ಟಿಪ್ಪಣಿ ಮಾಡಿ ಬರೆಯುತ್ತಾರೆ. ತಮ್ಮ ಅಜ್ಜಿಯ ಬಾಯಿಗೆ ಮಾತ್ರ ಬೆಂಗಳೂರಿನ ಧಾರಾವಾಹಿ ಕನ್ನಡ ಹಾಕುತ್ತಾರೆ. "ಏನಪ್ಪಾ, ಊಟ ಆಯ್ತಾ?" ಎಂದು ತಿಕೋಟಾದ ಯಾವ ಅಜ್ಜಿ ಕೇಳಿದ್ದಾಳೆ? ರಾವಬಹಾದ್ದೂರರ ಗ್ರಾಮಾಯಣ, ಶಂಕರ ಮೊಕಾಶಿ ಪುಣೇಕರರ ಗಂಗವ್ವ ಗಂಗಾಮಾಯಿ ಓದಿದವರಿಗೆ ಈ ಕಡೆಯ ಮಾತು ಕಾದಂಬರಿಯಲ್ಲಿ ಎಷ್ಟು ತಲೆಯೆತ್ತಿ ನಿಲ್ಲುತ್ತದೆ ಎಂದು ಗೊತ್ತು. ಇದೇ ಜಿಲ್ಲೆಯ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿದಂತೆಯೇ ಬರೆದುಕೊಂಡು ಗರತಿಯ ಹಾಡು ತಂದದ್ದು 1931ರಲ್ಲಿ. ಆಗ ಇಲ್ಲದ ನಾಚಿಕೆ ಈಗ ಎಲ್ಲಿಂದ ಬಂತೋ. ಮೈಸೂರು ಕಡೆಯ ಓದುಗರಿಗೆ ತಿಳಿಯಲಿಕ್ಕಿಲ್ಲ ಎಂಬ ಭಯವಿದ್ದರೆ, ಆ ತಿಳಿಯದಿರುವುದನ್ನೂ ಕಥೆಯೊಳಗೆ ತನ್ನಿ.

ಏಕೆಂದರೆ ಆ ಕೊರಿಯಾದ ಹುಡುಗ ಆರು ತಿಂಗಳು ತಿಕೋಟಾದಲ್ಲಿ ಉಳಿದರೆ ಕಲಿಯುವುದು ತಿಕೋಟಾದ ಕನ್ನಡವನ್ನೇ. ಅಜ್ಜಿ ಹೇಳಿಕೊಟ್ಟದ್ದು, ದ್ರಾಕ್ಷಿ ಪಡದ ಆಳುಗಳು ಹೇಳಿಕೊಟ್ಟದ್ದು, ಬೈಗುಳವೂ ಸೇರಿ. ವಾಪಸು ಹೋಗುವ ದಿನ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಅವನು ಕಷ್ಟಪಟ್ಟು ಕಲಿತ ಕನ್ನಡದಲ್ಲಿ, "ಅಕ್ಕಾರ, ಭಾಳ ತ್ರಾಸ ಆಗೇತ್ರಿ, ಒಂದೀಟ ನೀರ ಕೊಡ್ರೀ" ಎನ್ನುತ್ತಾನೆ. ಕೌಂಟರಿನ ಹಿಂದಿನ ಹುಡುಗಿ ಅವನನ್ನು ನೋಡಿ, ತನ್ನ ಸಹೋದ್ಯೋಗಿಯ ಕಡೆ ತಿರುಗಿ, "ಇವ್ರಿಗೆ ಕೊರಿಯನ್ ಬರೋರು ಯಾರಾದ್ರೂ ಇದಾರಾ ನೋಡಿ" ಎನ್ನುತ್ತಾಳೆ.